ಮ್ಯಾನೇಜರ್ ದೊಡ್ಡವನು, ಕನ್ನಡ ಚಿಕ್ಕದೇ?

ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಕನ್ನಡ ಸಂಘದ ಕೋಣೆಗೆ ನಾಲ್ಕೈದು ಹುಡುಗರು ಬಂದು ಕೂರುತ್ತಾರೆ. ಕೈಯಲ್ಲಿ ಕೆಲಸದ ಅರ್ಜಿ. "ಸಾರ್, ಇಂಗ್ಲಿಷು ಸ್ವಲ್ಪ ನೋಡಿಕೊಡಿ" ಅನ್ನುತ್ತಾರೆ. ನೋಡಿಕೊಡುತ್ತೇನೆ. ತಪ್ಪುಗಳು ನಾನಾ ಬಗೆಯವು, ಅದೇನೂ ದೊಡ್ಡ ವಿಷಯವಲ್ಲ. ಆದರೆ ಒಂದು ತಪ್ಪು ಮಾತ್ರ ಪ್ರತಿ ವಾರ, ಪ್ರತಿ ಅರ್ಜಿಯಲ್ಲಿ, ಕಣ್ಣಿಗೆ ಮುಳ್ಳಿನಂತೆ ಚುಚ್ಚುತ್ತದೆ.

ಅರ್ಜಿಯಲ್ಲಿ ಮ್ಯಾನೇಜರ್ ಎಂಬ ಪದದ ಮೊದಲಕ್ಷರ ದೊಡ್ಡದು. ಕಂಪನಿ ದೊಡ್ಡದು. ಹಾನೆಸ್ಟ್ ದೊಡ್ಡದು, ಹಾರ್ಡ್ ವರ್ಕಿಂಗ್ ದೊಡ್ಡದು. ಕೊನೆಯಲ್ಲಿ 'ಗೊತ್ತಿರುವ ಭಾಷೆಗಳು' ಅನ್ನುವ ಸಾಲು. ಅಲ್ಲಿ ಇಂಗ್ಲಿಷಿಗೆ ದೊಡ್ಡ ಅಕ್ಷರ. ಕನ್ನಡಕ್ಕೆ? ಚಿಕ್ಕ 'ಕೆ'!

ಒಬ್ಬ ಹುಡುಗನನ್ನು ಕೇಳಿಯೇ ಬಿಟ್ಟೆ. "ಏನಯ್ಯಾ, ಇಂಗ್ಲಿಷಿಗೆ ದೊಡ್ಡದು ಹಾಕಿದ್ದೀಯ, ಕನ್ನಡಕ್ಕೆ ಯಾಕೆ ಚಿಕ್ಕದು?" ಅವನು ತಲೆ ಕೆರೆದುಕೊಂಡು, "ಅದು ಇಂಗ್ಲಿಷ್ ಅಲ್ವಾ ಸಾರ್..." ಅಂದ. ನವೆಂಬರಿನಲ್ಲಿ ಹಳದಿ ಕೆಂಪು ಬಾವುಟ ಹಿಡಿದು ಗಂಟಲು ಹರಿಯುವ ಹಾಗೆ ಕೂಗಿದ ಹುಡುಗ ಅವನು. ಅವನ ಅಭಿಮಾನದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅವನಿಗೆ ಪಾಠ ಹೇಳಿಕೊಟ್ಟ ರೀತಿಯ ಬಗ್ಗೆ ಇದೆ.

ನಗಬೇಡಿ, ಗೆಳೆಯರೇ. ನಾನೂ ಅದೇ ಬೆಂಚಿನಲ್ಲಿ ಕೂತು ಬಂದವನು. ಪಿಯುಸಿವರೆಗೆ ಕನ್ನಡ ಮಾಧ್ಯಮ. ಮೊದಲ ಇಂಟರ್‌ವ್ಯೂಗೆ ಹೋದದ್ದು ಒಂದು ಆಫೀಸಿಗೆ, ಹೆಸರು ಬೇಡ. ಮೇಜಿನ ಆಚೆ ಕೂತಿದ್ದ ಮಹಾಶಯ ನನ್ನ ಅರ್ಜಿಯಲ್ಲಿ ಆರು ಕಡೆ ಕೆಂಪು ಸುತ್ತು ಹಾಕಿ, "ಪ್ರಾಪರ್ ನೌನ್ ಅಂದರೇನು ಗೊತ್ತಿಲ್ಲವೇ?" ಎಂದು ಇಂಗ್ಲಿಷಿನಲ್ಲೇ ಕೇಳಿದ. ಅವನೂ ನಮ್ಮವನೇ, ಕನ್ನಡ ಬಲ್ಲವನೇ. ನನಗೆ ಆಗ 'ಪ್ರಾಪರ್' ಅಂದರೆ 'ಸರಿಯಾದ' ಎಂದಷ್ಟೇ ಗೊತ್ತು. ಹಾಗಾದರೆ ನಾನು ಬರೆದದ್ದೆಲ್ಲ ಸರಿಯಿಲ್ಲದ ನಾಮಪದಗಳೇ? 'ಕಾಮನ್' ಅಂದರೆ ಕೀಳೇ? ಉತ್ತರ ಹೇಳಲಾಗದೆ ಎದ್ದು ಬಂದೆ. ಕೆಲಸ ಹೋದದ್ದಕ್ಕಿಂತ, ಏನು ತಪ್ಪಾಯಿತೆಂದೇ ತಿಳಿಯದೆ ಬೈಸಿಕೊಂಡದ್ದು ಬಹಳ ದಿನ ಉರಿಯಿತು.

ಆಮೇಲೆ ಎಷ್ಟೋ ವರ್ಷಕ್ಕೆ ಗೊತ್ತಾಯಿತು. ಈ 'ಪ್ರಾಪರ್'ಗೂ ಸರಿ ತಪ್ಪಿಗೂ ಸಂಬಂಧವೇ ಇಲ್ಲ. ಲ್ಯಾಟಿನ್ನಿನಲ್ಲಿ 'ಪ್ರೊಪ್ರಿಯುಸ್' ಅಂದರೆ 'ತನ್ನದೇ ಆದ', 'ಸ್ವಂತದ'. ಆಸ್ತಿಗೆ 'ಪ್ರಾಪರ್ಟಿ' ಅನ್ನುತ್ತೇವಲ್ಲ, ಅದೂ ಇದೇ ಬೇರಿನ ಚಿಗುರು. ಪ್ರಾಪರ್ ನೌನ್ ಅಂದರೆ ಒಬ್ಬನಿಗೇ, ಒಂದಕ್ಕೇ ಸೇರಿದ ಸ್ವಂತ ಹೆಸರು. ಕಾಮನ್ ನೌನ್ ಅಂದರೆ ಹಲವರಿಗೆ ಸೇರಿದ, ಹಂಚಿಕೊಂಡ ಹೆಸರು. ಊರ ಕೆರೆ ಎಲ್ಲರದೂ ಆಗಿರುವ ಹಾಗೆ. ಇದನ್ನು ಇಂಗ್ಲಿಷರೇನೂ ಕಂಡುಹಿಡಿಯಲಿಲ್ಲ. ಡಯೊನೀಸಿಯಸ್ ಥ್ರಾಕ್ಸ್ ಎಂಬಾತನ ಹೆಸರಿನಲ್ಲಿ ಉಳಿದಿರುವ ಹಳೆಯ ಗ್ರೀಕ್ ವ್ಯಾಕರಣದಲ್ಲೇ ಈ ಭಾಗ ಮಾಡಿದ್ದಾರೆ. ಮನುಷ್ಯ, ಕುದುರೆ ಇವು ಹಂಚಿಕೊಂಡ ಹೆಸರು. ಸಾಕ್ರಟಿಸ್ ಅನ್ನುವುದು ಸ್ವಂತದ್ದು. ಆಗ ಇಂಗ್ಲಿಷ್ ಭಾಷೆ ಹುಟ್ಟಿಯೇ ಇರಲಿಲ್ಲ.

ಇನ್ನು ನಮ್ಮ ಮನೆಯ ಕಡೆ ನೋಡಿ. ಕನ್ನಡ ವ್ಯಾಕರಣದ ಪುಸ್ತಕವನ್ನು ಹೈಸ್ಕೂಲಿನಲ್ಲಿ ಓದಿದ್ದೀರಿ. ರೂಢನಾಮ, ಅಂಕಿತನಾಮ, ಅನ್ವರ್ಥನಾಮ. ಪರೀಕ್ಷೆಗೆ ಉರು ಹೊಡೆದು ಮರೆತಿರುತ್ತೀರಿ. ರೂಢಿಯಿಂದ ಬಂದದ್ದು ರೂಢನಾಮ: ಹುಡುಗ, ನದಿ, ಊರು, ಮರ. ಗುರುತಿಗೆಂದು ಇಟ್ಟದ್ದು ಅಂಕಿತನಾಮ: ಬಸವಣ್ಣ, ಶರಾವತಿ, ಧಾರವಾಡ. ಗುಣವನ್ನೋ ಕಸುಬನ್ನೋ ನೋಡಿ ಬಂದದ್ದು ಅನ್ವರ್ಥನಾಮ: ಜಾಣ, ರೋಗಿ, ವ್ಯಾಪಾರಿ. ಇಂಗ್ಲಿಷಿನವರು ಎರಡು ಗೂಟ ಹೊಡೆದ ಕಡೆ ನಾವು ಮೂರು ಹೊಡೆದಿದ್ದೇವೆ. ನಮ್ಮ ರೂಢ, ಅನ್ವರ್ಥ ಎರಡನ್ನೂ ಸೇರಿಸಿ ಅವರು ಕಾಮನ್ ಅಂದರು. ಅಂಕಿತವನ್ನು ಪ್ರಾಪರ್ ಅಂದರು. ಅಷ್ಟೇ ಕಥೆ.

'ಅಂಕಿತ' ಅನ್ನುವ ಪದ ಎಷ್ಟು ಚೆಂದ ನೋಡಿ. ಅಂಕಿತ ಅಂದರೆ ಗುರುತು, ಮುದ್ರೆ. ಕೂಡಲಸಂಗಮದೇವ ಅಂದರೆ ಬಸವಣ್ಣನವರ ಅಂಕಿತ, ಪುರಂದರವಿಠಲ ಅಂದರೆ ಪುರಂದರದಾಸರ ಅಂಕಿತ ಎಂದು ಅಕ್ಷರ ಬಾರದ ನಮ್ಮಜ್ಜಿಯೂ ಹೇಳುತ್ತಿದ್ದಳು. 'ಪ್ರಾಪರ್' ಎಂಬ ಪದ ಇಂಗ್ಲಿಷಿನ ಮಗುವನ್ನೇ ದಾರಿ ತಪ್ಪಿಸುತ್ತದೆ. 'ಅಂಕಿತ' ಯಾರನ್ನೂ ತಪ್ಪಿಸುವುದಿಲ್ಲ. ಹೀಗಿರುವಾಗ ನಮ್ಮ ಹುಡುಗನಿಗೆ ಇಂಗ್ಲಿಷ್ ಪೀರಿಯಡ್ಡಿನಲ್ಲಿ "ನೋಡಪ್ಪಾ, ಇದು ನೀನು ಓದಿದ ಅಂಕಿತನಾಮವೇ" ಎಂದು ಒಂದೇ ಒಂದು ಮಾತು ಹೇಳುವವರು ಯಾಕಿಲ್ಲ? ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳಿವೆ. ಗೊತ್ತಿರುವುದರ ಮೇಲೆ ಗೊತ್ತಿಲ್ಲದ್ದನ್ನು ಕಟ್ಟಬೇಕು ಅನ್ನುವ ಗಾರೆ ಕೆಲಸದವನ ವಿವೇಕವೂ ಬೇಡವೇ?

ಅದರ ಬದಲು ಏನು ಕಲಿಸುತ್ತಾರೆ? 'ನಾಮಪದವೆಂದರೆ ವ್ಯಕ್ತಿ, ಸ್ಥಳ, ಪ್ರಾಣಿ, ವಸ್ತುವಿನ ಹೆಸರು' ಎಂಬ ಇಂಗ್ಲಿಷ್ ಸಾಲನ್ನು ರಾಗವಾಗಿ ಹಾಡಿಸುತ್ತಾರೆ. ಮರುದಿನ 'ಹೆಸರಿಗೆಲ್ಲ ದೊಡ್ಡ ಅಕ್ಷರ' ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ. ಬುದ್ಧಿವಂತ ಹುಡುಗ ಏನು ಮಾಡಬೇಕು? ಟೇಬಲ್ ಕೂಡ ಒಂದು ವಸ್ತುವಿನ ಹೆಸರೇ ತಾನೆ? ಅದಕ್ಕೂ ದೊಡ್ಡದು ಹಾಕುತ್ತಾನೆ. ತಪ್ಪು ಅವನದಲ್ಲ. 'ಹೆಸರು' ಎಂಬ ಒಂದೇ ಮಾತಿನಲ್ಲಿ ಎರಡು ಅರ್ಥ ಅಡಗಿ ಕೂತಿವೆ. ಅದನ್ನು ಬಿಡಿಸಿ ಹೇಳುವುದೇ ಮೇಷ್ಟರ ಕೆಲಸ. ಬಿಡಿಸದೇ ಹೋದರೆ ಹುಡುಗ ತನ್ನದೇ ಒಂದು ನಿಯಮ ಕಟ್ಟಿಕೊಳ್ಳುತ್ತಾನೆ: ಯಾವುದಕ್ಕೆ ಹೆದರಬೇಕೋ, ಯಾವುದಕ್ಕೆ ಕೈಮುಗಿಯಬೇಕೋ ಅದಕ್ಕೆಲ್ಲ ದೊಡ್ಡ ಅಕ್ಷರ! ಮ್ಯಾನೇಜರ್ ದೊಡ್ಡದಾಗುವುದು ಹೀಗೆ. ಕನ್ನಡ ಚಿಕ್ಕದಾಗುವುದೂ ಹೀಗೆಯೇ.

ನಾನು ಭಾನುವಾರದ ಹುಡುಗರಿಗೆ ಹೇಳುವ ಉಪಾಯ ಸರಳ. ಪದ ಎದುರಿಗೆ ಬಂದಾಗ ಕೇಳಿಕೋ: ಇದಕ್ಕೆ ನಾಮಕರಣ ಆಗಿದೆಯೇ? ತೊಟ್ಟಿಲು ಕಟ್ಟಿ, ಕಿವಿಯಲ್ಲಿ ಕೂಗಿ, ಅಥವಾ ಸರ್ಕಾರ ಗೆಜೆಟ್ ಹೊರಡಿಸಿ, ಅಂತೂ ಯಾರೋ ಒಬ್ಬರು ಈ ಒಂದಕ್ಕೇ ಎಂದು ಹೆಸರಿಟ್ಟಿದ್ದಾರೆಯೇ? ನಾಯಿಗೆ ಆಗಿಲ್ಲ, ಟಾಮಿಗೆ ಆಗಿದೆ. ರಸ್ತೆಗೆ ಆಗಿಲ್ಲ, ಮಹಾತ್ಮ ಗಾಂಧಿ ರಸ್ತೆಗೆ ಆಗಿದೆ. ಪಾರ್ಕ್ ಅಂತ ಬರೀ ಬರೆದರೆ ಚಿಕ್ಕ 'ಪಿ', ಕಬ್ಬನ್ ಪಾರ್ಕ್ ಅಂತ ಬರೆದರೆ ಅದೇ 'ಪಿ' ದೊಡ್ಡದು, ಯಾಕೆಂದರೆ ಅಲ್ಲಿ ಪಾರ್ಕ್ ಎಂಬುದೂ ಹೆಸರಿನ ಒಳಗೆ ಸೇರಿಕೊಂಡಿದೆ.

ಇನ್ನೊಂದು ಉಪಾಯವಿದೆ. ಇದು ಇಂಗ್ಲಿಷ್ ಒಂದನ್ನೇ ಬಲ್ಲವನ ಕೈಗೆ ಸಿಗದ್ದು, ಎರಡು ಭಾಷೆ ಬಲ್ಲ ನಮಗೆ ಮಾತ್ರ ಸಿಕ್ಕಿದ್ದು. ಪದವನ್ನು ಕನ್ನಡಕ್ಕೆ ತಂದು ನೋಡಿ. ರಿವರ್ ಕನ್ನಡದಲ್ಲಿ ಹೊಳೆಯಾಗುತ್ತದೆ, ಶರಾವತಿ ಶರಾವತಿಯಾಗಿಯೇ ಉಳಿಯುತ್ತಾಳೆ. ಪೊಯೆಟ್ ಕವಿಯಾಗುತ್ತಾನೆ, ಷೇಕ್ಸ್‌ಪಿಯರ್ ಷೇಕ್ಸ್‌ಪಿಯರನೇ. ಬದಲಾದದ್ದು ಕಾಮನ್, ಬದಲಾಗದೆ ನಿಂತದ್ದು ಪ್ರಾಪರ್. ಇದು ನೂರಕ್ಕೆ ನೂರು ನಡೆಯುವ ಪರೀಕ್ಷೆಯಲ್ಲ, ಮೊದಲೇ ಹೇಳಿಬಿಡುತ್ತೇನೆ. ಯುನೈಟೆಡ್ ನೇಷನ್ಸ್ ಕನ್ನಡದಲ್ಲಿ ವಿಶ್ವಸಂಸ್ಥೆಯಾಗುತ್ತದೆ, ಆದರೂ ಅದು ಅಂಕಿತವೇ. ಸಾಮಾನ್ಯ ಪದಗಳನ್ನೇ ಇಟ್ಟಿಗೆ ಮಾಡಿ ಕಟ್ಟಿದ ಹೆಸರುಗಳಲ್ಲಿ ಈ ಪರೀಕ್ಷೆ ಜಾರುತ್ತದೆ. ಆಗ ಮತ್ತೆ ನಾಮಕರಣದ ಪ್ರಶ್ನೆಗೇ ಹೋಗಿ.

ಅರ್ಜಿ ಬರೆಯುವವರು ಜಾರಿ ಬೀಳುವ ಜಾಗ ಇನ್ನೂ ಕೆಲವಿವೆ. ವಾರಗಳು, ತಿಂಗಳುಗಳು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದವು. ಆದರೆ ಬೇಸಿಗೆ, ಚಳಿಗಾಲಕ್ಕೆ ಚಿಕ್ಕದು. ದೀಪಾವಳಿಗೆ ದೊಡ್ಡದು, ಹಬ್ಬಕ್ಕೆ ಚಿಕ್ಕದು. ಗಣಿತ, ವಿಜ್ಞಾನ ಎಂಬ ವಿಷಯಗಳಿಗೆ ವಾಕ್ಯದ ನಡುವೆ ಚಿಕ್ಕದು ಸಾಕು. ಭಾಷೆಗಳಿಗೆ ಮಾತ್ರ ಯಾವಾಗಲೂ ದೊಡ್ಡದು. ದಿಕ್ಕು ತೋರಿಸುವ ಉತ್ತರಕ್ಕೆ ಚಿಕ್ಕದು, ಆದರೆ ಉತ್ತರ ಕರ್ನಾಟಕ ಎಂದು ನಾಡಿನ ಭಾಗವನ್ನು ಹೆಸರಿಸಿದಾಗ ಅದೇ ಉತ್ತರ ದೊಡ್ಡದಾಗುತ್ತದೆ. ಮುಖ್ಯಮಂತ್ರಿ ಅನ್ನುವುದು ಹುದ್ದೆ, ಹಲವರು ಕೂತೆದ್ದ ಕುರ್ಚಿ, ಅದಕ್ಕೆ ಚಿಕ್ಕದು. ಚೀಫ್ ಮಿನಿಸ್ಟರ್ ಕೆಂಗಲ್ ಹನುಮಂತಯ್ಯ ಎಂದು ಹೆಸರಿಗೆ ಅಂಟಿಸಿ ಬರೆದರೆ ದೊಡ್ಡದು. 'ಮೈ ಮದರ್' ಅಂದಾಗ ಮದರ್‌ಗೆ ಚಿಕ್ಕದು, ಹೆಸರಿನ ಬದಲು 'ಮದರ್' ಎಂದೇ ಕರೆದರೆ ದೊಡ್ಡದು. ನದಿಗಳ ಹಿಂದೆ 'ದಿ' ಬರುತ್ತದೆ, ಬೆಟ್ಟದ ಸಾಲಿನ ಹಿಂದೆಯೂ ಬರುತ್ತದೆ, ಒಂಟಿ ಬೆಟ್ಟಕ್ಕೆ ಬರುವುದಿಲ್ಲ. ತುಂಗಭದ್ರೆಗೆ 'ದಿ', ಹಿಮಾಲಯಕ್ಕೆ 'ದಿ', ಮುಳ್ಳಯ್ಯನಗಿರಿಗೆ ಇಲ್ಲ. ಯಾಕೆ ಎಂದು ಕೇಳಬೇಡಿ. ಅದು ಅವರ ಮನೆಯ ರೂಢಿ. ನಮ್ಮ ಮನೆಯಲ್ಲೂ ಕಾರಣ ಗೊತ್ತಿಲ್ಲದ ರೂಢಿಗಳು ಬೇಕಾದಷ್ಟಿವೆ.

ಬೇಲಿ ಇಷ್ಟು ನೇರವಾಗಿದ್ದರೆ ತೊಂದರೆ ಇರಲಿಲ್ಲ. ಪದಗಳು ಬೇಲಿ ಹಾರುತ್ತವೆ, ಅದೇ ಮಜಾ. ನಾವು ದಿನ ಬೆಳಗಾದರೆ 'ಬಾಯ್ಕಾಟ್' ಅನ್ನುತ್ತೇವೆ. ಅದೊಬ್ಬ ಮನುಷ್ಯನ ಹೆಸರು! ಐರ್ಲೆಂಡಿನಲ್ಲಿ ಜಮೀನ್ದಾರನ ಏಜೆಂಟನಾಗಿದ್ದ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್. 1880ರಲ್ಲಿ ಗೇಣಿದಾರರು, ಕೂಲಿಗಳು, ಅಂಗಡಿಯವರು ಎಲ್ಲರೂ ಸೇರಿ ಅವನ ಜೊತೆ ವ್ಯವಹಾರ ನಿಲ್ಲಿಸಿದರು. ಬೆಳೆ ಕೊಯ್ಯುವವರಿಲ್ಲ, ಸಾಮಾನು ಕೊಡುವವರಿಲ್ಲ. ಅವನ ಹೆಸರೇ ಆ ಹೋರಾಟದ ಹೆಸರಾಯಿತು. ಇವತ್ತು ಆ ಮನುಷ್ಯನಿಗೆ ದೊಡ್ಡ 'ಬಿ', ನಾವು ಮಾಡುವ ಬಾಯ್ಕಾಟಿಗೆ ಚಿಕ್ಕ 'ಬಿ'. ಐಟಿಐ ಓದುವ ಹುಡುಗರಿಗೆ ಇನ್ನೊಂದು ಉದಾಹರಣೆ: ಜೇಮ್ಸ್ ವ್ಯಾಟ್ ಎಂಬ ಎಂಜಿನಿಯರ್ ದೊಡ್ಡ ಅಕ್ಷರದವನು, ಬಲ್ಬಿನ 60 ವ್ಯಾಟ್ ಪೂರ್ತಿ ಬರೆದರೆ ಚಿಕ್ಕ ಅಕ್ಷರದ್ದು. ಸಂಕೇತವಾಗಿ ಒಂದೇ ಅಕ್ಷರ ಬರೆದಾಗ ಮತ್ತೆ ದೊಡ್ಡದು.

ಕಂಪನಿಗಳಿಗಂತೂ ಇದು ಪ್ರಾಣಸಂಕಟ. ಜೆರಾಕ್ಸ್ ಒಂದು ಕಂಪನಿಯ ಹೆಸರು. ನಮ್ಮಲ್ಲಿ ಬೀದಿಗೊಂದು ಜೆರಾಕ್ಸ್ ಅಂಗಡಿ, ಒಳಗಿರುವ ಯಂತ್ರ ಇನ್ಯಾರದೋ. ದಯವಿಟ್ಟು ಫೋಟೋಕಾಪಿ ಅನ್ನಿ ಎಂದು ಆ ಕಂಪನಿ ಜಾಹೀರಾತು ಕೊಟ್ಟು ಕೊಟ್ಟು ಸುಸ್ತಾಯಿತು. ಹೆಸರು ರೂಢನಾಮವಾದರೆ ಒಡೆತನ ಹೋಯಿತು ಎಂಬ ಭಯ. ಭಯ ಸುಳ್ಳಲ್ಲ. ಅಮೆರಿಕದ ಕೋರ್ಟಿನಲ್ಲಿ 1921ರಲ್ಲಿ ಆಸ್ಪಿರಿನ್, 1963ರಲ್ಲಿ ಥರ್ಮಸ್ ಹಾಗೆಯೇ ಎಲ್ಲರ ಸೊತ್ತಾದವು. ಪ್ರಾಪರ್ ಅಂದರೆ ಪ್ರಾಪರ್ಟಿ ಅಂದೆನಲ್ಲ, ಅದು ಬರೀ ವ್ಯಾಕರಣದ ಮಾತಲ್ಲ ನೋಡಿ! ನಮ್ಮ ಹಳ್ಳಿಗಳಲ್ಲಿ ಮಣ್ಣು ಅಗೆಯುವ ಹಳದಿ ಯಂತ್ರ ಯಾವ ಕಂಪನಿಯದಾದರೂ ಜೆಸಿಬಿಯೇ. ಅದು ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬ ಒಬ್ಬನ ಹೆಸರಿನ ಮೂರು ಅಕ್ಷರ. ವನಸ್ಪತಿಗೆ ಡಾಲ್ಡಾ ಅಂದದ್ದೂ ಹೀಗೆಯೇ.

ಕನ್ನಡದಲ್ಲಿ ಈ ಬೇಲಿ ಹಾರಾಟ ಇನ್ನೂ ಸೊಗಸು. ನಿದ್ದೆಗೆ ಕುಂಭಕರ್ಣ, ಚಾಡಿಗೆ ನಾರದ, ಕುತಂತ್ರಕ್ಕೆ ಶಕುನಿ. "ಇವನೊಬ್ಬ ದೊಡ್ಡ ಹರಿಶ್ಚಂದ್ರ ಬಂದ" ಅನ್ನುವಾಗ ಹರಿಶ್ಚಂದ್ರ ಅಂಕಿತವಲ್ಲ, ಒಂದು ಜಾತಿಯ ಮನುಷ್ಯ. ಮುಂದೆ 'ಒಬ್ಬ' ಸೇರಿಸಲು ಬಂತು, ಹಿಂದೆ 'ಗಳು' ಸೇರಿಸಲು ಬಂತು ಅಂದರೆ ಕಾಮನ್ ಆಯಿತು ಅಂತಲೇ ಅರ್ಥ. ಎದುರು ದಿಕ್ಕಿನಲ್ಲೂ ಹಾರುತ್ತವೆ. ಅಣ್ಣ ಅನ್ನುವುದಕ್ಕಿಂತ ರೂಢನಾಮ ಬೇರೆ ಉಂಟೇ? ಮನೆಗೊಬ್ಬ ಇರುತ್ತಾನೆ. ಆದರೆ ಗಾಂಧಿನಗರದಲ್ಲಿ ನಿಂತು 'ಅಣ್ಣಾವ್ರು' ಅನ್ನಿ. ಯಾವ ಅಣ್ಣ ಎಂದು ಯಾವನಾದರೂ ಕೇಳುತ್ತಾನೆಯೇ? ಡಾ. ರಾಜ್‌ಕುಮಾರ್ ಒಬ್ಬರೇ. ಇಷ್ಟು ದೊಡ್ಡ ಬದಲಾವಣೆ ಆಗಲು ಯಾವ ದೊಡ್ಡ ಅಕ್ಷರವೂ ಬೇಕಾಗಲಿಲ್ಲ.

ಹೌದು, ಕನ್ನಡದಲ್ಲಿ ದೊಡ್ಡ ಅಕ್ಷರ ಚಿಕ್ಕ ಅಕ್ಷರ ಎಂಬ ಭೇದವೇ ಇಲ್ಲ. ಕೆಲವರು ಇದನ್ನು ಕೊರತೆ ಅನ್ನುತ್ತಾರೆ. ಕೊರತೆ ಹೇಗಾದೀತು? ಅರಬ್ಬಿಯಲ್ಲೂ ಇಲ್ಲ, ಹಿಂದಿಯಲ್ಲೂ ಇಲ್ಲ. ರೋಮನ್ನರ ಕಲ್ಲಿನ ಶಾಸನಗಳಲ್ಲಿ ಇರುವುದು ದೊಡ್ಡ ಅಕ್ಷರ ಮಾತ್ರ. ಇಂಗ್ಲಿಷಿನವರೂ ಹದಿನೆಂಟನೇ ಶತಮಾನದಲ್ಲಿ ಮನೆ, ಮರ, ಕುದುರೆಗಳಿಗೆಲ್ಲ ದೊಡ್ಡ ಅಕ್ಷರ ಹಾಕಿ ಬರೆಯುತ್ತಿದ್ದರು. 1726ರ ಗಲಿವರನ ಪ್ರವಾಸದ ಮೊದಲ ಮುದ್ರಣವನ್ನೇ ನೋಡಿ. ಜರ್ಮನ್ನರು ಇವತ್ತಿಗೂ ಎಲ್ಲ ನಾಮಪದಕ್ಕೂ ಹಾಕುತ್ತಾರೆ. ಡೇನರು 1948ರಲ್ಲಿ ಅದನ್ನು ಕೈಬಿಟ್ಟರು. ಫ್ರೆಂಚರಂತೂ ತಮ್ಮ ಭಾಷೆಯ ಹೆಸರನ್ನೇ ಚಿಕ್ಕ ಅಕ್ಷರದಲ್ಲಿ ಬರೆಯುತ್ತಾರೆ, ಅವರ ಭಾಷಾಭಿಮಾನ ಜಗತ್ತಿಗೇ ಗೊತ್ತು. ದೊಡ್ಡ ಅಕ್ಷರ ಅನ್ನುವುದು ಆಯಾ ಭಾಷೆಯ ಉಡುಪು, ಮೈಯಲ್ಲ. ಹಾಗಾಗಿ ಚಿಕ್ಕ 'ಕೆ' ಕಂಡ ಕೂಡಲೇ ಅವಮಾನವಾಯಿತೆಂದು ಮುಷ್ಟಿ ಬಿಗಿಯುವುದೂ ದಡ್ಡತನವೇ. ನನಗೆ ಚುಚ್ಚುವುದು ಅಕ್ಷರವಲ್ಲ; ಒಂದೇ ಸಾಲಿನಲ್ಲಿ ಇಂಗ್ಲಿಷಿಗೆ ದೊಡ್ಡದು, ಪಕ್ಕದಲ್ಲೇ ಕನ್ನಡಕ್ಕೆ ಚಿಕ್ಕದು ಬರೆದು ಅದು ಸಹಜ ಅಂದುಕೊಂಡ ಆ ಕೈ.

ನಮ್ಮ ಬೀದಿಯೂ ಈ ವಿಷಯದಲ್ಲಿ ಪಾಠ ಹೇಳುವುದಿಲ್ಲ. ಇಂಗ್ಲಿಷ್ ಬೋರ್ಡುಗಳೆಲ್ಲ ಪೂರ್ತಿ ದೊಡ್ಡ ಅಕ್ಷರದಲ್ಲೇ ಇರುತ್ತವೆ, ಯಾವುದು ಅಂಕಿತ ಯಾವುದು ರೂಢ ಎಂದು ಅಲ್ಲಿ ಗೊತ್ತಾಗುವುದಿಲ್ಲ. ಇಂಗ್ಲಿಷ್ ಮೀಡಿಯಮ್ಮಿನವರು ಇದರಲ್ಲಿ ಪಂಡಿತರು ಎಂದು ತಿಳಿಯಬೇಡಿ. ಅವರ ಮದುವೆ ಕಾಗದ, ಅಪಾರ್ಟ್‌ಮೆಂಟಿನ ಜಾಹೀರಾತು ತೆಗೆದು ನೋಡಿ. ಎರಡು ಪದಕ್ಕೊಂದು ದೊಡ್ಡ ಅಕ್ಷರ ಸುಮ್ಮನೆ ಎದ್ದು ನಿಂತಿರುತ್ತದೆ. ಅವರಿಗೆ ಯಾರೂ ಕೆಂಪು ಸುತ್ತು ಹಾಕುವುದಿಲ್ಲ, ಅಷ್ಟೇ ವ್ಯತ್ಯಾಸ.

ಬೋರ್ಡಿನ ಮಾತು ಬಂತು, ಒಂದು ವಿಷಯ ಹೇಳಲೇಬೇಕು. 2024ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ನಾಮಫಲಕದಲ್ಲಿ ಶೇಕಡ 60 ಕನ್ನಡವಿರಬೇಕು. ಒಳ್ಳೆಯದು. ಆದರೆ ಏನು ಬರೆಸುತ್ತಿದ್ದಾರೆ? 'ಫುಟ್‌ವೇರ್', 'ಫರ್ನಿಚರ್', 'ಹೇರ್ ಕಟಿಂಗ್'. ಲಿಪಿ ಕನ್ನಡ, ಮಾತು ಇಂಗ್ಲಿಷ್. ಈ ವ್ಯಾಕರಣ ಗೊತ್ತಿದ್ದರೆ ಜಗಳವೇ ಬೇಡ. ಅಂಗಡಿಯ ಹೆಸರು ಅಂಕಿತ, ಅದನ್ನು ಇದ್ದ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆಯಲಿ, ಯಾರದೂ ತಕರಾರಿಲ್ಲ. ಫುಟ್‌ವೇರ್ ರೂಢನಾಮ, ಅದಕ್ಕೆ ಪಾದರಕ್ಷೆ ಇದೆ, ಬೇಕಾದರೆ ಚಪ್ಪಲಿ ಅಂಗಡಿ ಇದೆ. ಬೇಕರಿ, ಹೋಟೆಲ್ ನಮ್ಮವೇ ಆಗಿಬಿಟ್ಟಿವೆ, ಇರಲಿ. ಉಳಿದದ್ದಕ್ಕೆ ಕನ್ನಡ ಹಾಕಿ ಎಂದು ಅಂಗಡಿಯವನಿಗೆ ಹೇಳಲು ಮಸಿ ಡಬ್ಬ ಹಿಡಿದು ಹೋಗಬೇಕಿಲ್ಲ, ಎಂಟನೇ ಕ್ಲಾಸಿನ ವ್ಯಾಕರಣ ಪುಸ್ತಕ ಸಾಕು.

ಅಂಕಿತನಾಮ ಯಾರದೋ ಅವರ ಬಾಯಲ್ಲಿರುವ ಹಾಗೆಯೇ ಉಳಿಯಬೇಕು ಎಂಬುದಕ್ಕೆ ನಾವು ಬಹಳ ಕಾಲ ಕಾದವರು. ಇಂಗ್ಲಿಷಿನಲ್ಲಿ ನಮ್ಮ ಭಾಷೆಯನ್ನು ಕ್ಯಾನರೀಸ್ ಅನ್ನುತ್ತಿದ್ದರು. ಕಿಟೆಲ್ ಸಾಹೇಬರು 1894ರ ತಮ್ಮ ನಿಘಂಟಿನ ಹೆಸರಿನಲ್ಲೇ ಕನ್ನಡ ಎಂದು, ದೊಡ್ಡ ಅಕ್ಷರದಲ್ಲಿ, ಅಚ್ಚು ಹಾಕಿಸಿದರು. ಜರ್ಮನಿಯಿಂದ ಬಂದ ಪಾದ್ರಿ ಅವರು! ಮೈಸೂರು ರಾಜ್ಯ ಕರ್ನಾಟಕವಾಗಲು 1973ರ ನವೆಂಬರ್ 1 ಬರಬೇಕಾಯಿತು. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಹುಬ್ಬಳ್ಳಿ ಮೊದಲಾದ 12 ಊರುಗಳ ಹೆಸರು ಇಂಗ್ಲಿಷಿನಲ್ಲೂ ನಾವು ಕರೆಯುವಂತೆ ಆದದ್ದು 2014ರ ನವೆಂಬರ್ 1ರಂದು. ಆಗ ಕೆಲವು ಇಂಗ್ಲಿಷ್ ಪಂಡಿತರು ನಕ್ಕರು, ಕಾಗುಣಿತ ಬದಲಾದರೆ ಏನು ಬಂತು ಎಂದರು. ಅವರ ವ್ಯಾಕರಣದಲ್ಲೇ ಅದಕ್ಕೆ ಉತ್ತರವಿದೆ, 'ಸ್ವಂತದ ಹೆಸರು' ಎಂಬ ಎರಡು ಪದದಲ್ಲಿ.

ಆ ಹುಡುಗನ ಅರ್ಜಿ ಏನಾಯಿತು ಅಂದಿರಾ? ಕೂತು ಇನ್ನೊಮ್ಮೆ ಬರೆದ. ಕನ್ನಡಕ್ಕೆ ದೊಡ್ಡ 'ಕೆ' ಬಿತ್ತು. ಮ್ಯಾನೇಜರ್, ಕಂಪನಿ, ಹಾನೆಸ್ಟ್ ಎಲ್ಲ ಕೆಳಗಿಳಿದವು. ಮೇಲೆ 'ಟು ದಿ ಮ್ಯಾನೇಜರ್' ಅನ್ನುವ ವಿಳಾಸದ ಸಾಲಿನಲ್ಲಿ ಮಾತ್ರ ದೊಡ್ಡದೇ ಇರಲಿ, ಅಲ್ಲಿ ಅದು ಪದ್ಧತಿ ಅಂದೆ. ಅಮ್ಮ ಟೈಲರಿಂಗ್ ಮಾಡುತ್ತಾರೆ ಎಂದು ಬರೆಯುವಲ್ಲಿ ಪೆನ್ನು ನಿಲ್ಲಿಸಿ, "ಸಾರ್, ಅಮ್ಮನಿಗೂ ಚಿಕ್ಕದಾ?" ಅಂದ. 'ಮೈ' ಇದೆಯಲ್ಲ, ಚಿಕ್ಕದೇ, ಟೈಲರ್‌ಗೂ ಚಿಕ್ಕದೇ, ಪಕ್ಕದಲ್ಲಿ ಅವರ ಹೆಸರು ಬರೆ, ಅದಕ್ಕೆ ದೊಡ್ಡದು ಹಾಕು ಅಂದೆ. ಬರೆದ. ಮುಂದಿನ ಭಾನುವಾರ ತನ್ನ ಬೀದಿಯ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತೇನೆ ಅಂದಿದ್ದಾನೆ.